ಸ್ಥಾಯಿಯೂ ಸಂಚಾರಿಯೂ: ಕುಮಾರಪ್ಪನವರ ಒಂದು ಗ್ರಂಥದ ಪರಿಶೀಲನೆ

ಅರ್ಥಶಾಸ್ತ್ರದ ಗ್ರಂಥವೊಂದನ್ನು ಸಾಹಿತ್ಯ ವಿಮರ್ಶೆಯ ಕಣ್ಣಿನಿಂದ ನೋಡುವುದು ಉಚಿತವೇ ಎಂದು ಕೆಲವು ವಾಚಕರು ಶಂಕಿಸಬಹುದು. ಗ್ರಂಥವು ಕೋಷ್ಟಕಗಳಿಂದಲೂ ಸೂತ್ರಗಳಿಂದಲೂ ತುಂಬಿದ್ದರೆ ಆ ಶಂಕೆ ನ್ಯಾಯವಾದುದೇ. ಆದರೆ ಜೆ. ಸಿ. ಕುಮಾರಪ್ಪನವರು 1945ರಲ್ಲಿ ಪ್ರಕಟಿಸಿದ 'ಎಕಾನಮಿ ಆಫ್ ಪರ್ಮನೆನ್ಸ್' ಆ ಜಾತಿಯ ಗ್ರಂಥವಲ್ಲ. ಅದರಲ್ಲಿ ವಾದವು ಮುನ್ನಡೆಯುವುದು ದೃಷ್ಟಾಂತಗಳ ಬಲದಿಂದ. ಹುಲಿ, ಮಂಗ, ಗೂಡು ಕಟ್ಟುವ ಹಕ್ಕಿ, ಜೇನುನೊಣ, ಮರಿಗೆ ಗುಟುಕು ಕೊಡುವ ತಾಯಿ, ಇವೇ ಅದರ ಪಾತ್ರಗಳು. ದೃಷ್ಟಾಂತದಿಂದ ಸಾಧಿಸಿದ ಸತ್ಯವನ್ನು ದೃಷ್ಟಾಂತದ ಗುಣದೋಷಗಳಿಂದಲೇ ಅಳೆಯಬೇಕಾಗುತ್ತದೆ. ಆದುದರಿಂದ ಈ ಗ್ರಂಥದ ಪರಿಶೀಲನೆ ಅರ್ಥಶಾಸ್ತ್ರಜ್ಞರಿಗೆ ಎಷ್ಟು ಸಲ್ಲುವುದೋ ಸಾಹಿತ್ಯದ ವಿದ್ಯಾರ್ಥಿಗಳಿಗೂ ಅಷ್ಟೇ ಸಲ್ಲುತ್ತದೆ.

ಗ್ರಂಥಕರ್ತರ ವಿಷಯವಾಗಿ ಕೆಲವು ಮಾತು ಅವಶ್ಯ. ಕುಮಾರಪ್ಪನವರು 1892ರ ಜನವರಿ 4ರಂದು ತಂಜಾವೂರಿನ ಕ್ರೈಸ್ತ ಮನೆತನವೊಂದರಲ್ಲಿ ಜನಿಸಿದರು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯ ಶಿಕ್ಷಣ ಪಡೆದು, ಮುಂದೆ ಅಮೆರಿಕೆಯ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಹಣಕಾಸನ್ನೂ ಭಾರತದ ಬಡತನವನ್ನೂ ಕುರಿತು ಅಭ್ಯಾಸ ಮಾಡಿದರು. ಆ ಅಭ್ಯಾಸವೇ ಅವರನ್ನು 1929ರಲ್ಲಿ ಗಾಂಧೀಜಿಯವರ ಬಳಿಗೆ ತಂದಿತು. ಬಂದವರನ್ನು ಗಾಂಧೀಜಿ ಆಶ್ರಮದಲ್ಲಿ ಕುಳ್ಳಿರಿಸಿ ಸಿದ್ಧಾಂತ ಬರೆಯಿಸಲಿಲ್ಲ. ಗುಜರಾತ ವಿದ್ಯಾಪೀಠದ ವಿದ್ಯಾರ್ಥಿಗಳೊಡನೆ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳಿಗೆ ಕಳುಹಿಸಿ ಅಲ್ಲಿಯ ಆದಾಯ-ವೆಚ್ಚಗಳ ಸಮೀಕ್ಷೆ ಮಾಡಿಸಿದರು. 1934ರ ಕೊನೆಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಸ್ಥಾಪಿತವಾದಾಗ ಅದರ ಕಾರ್ಯಭಾರವು ಕುಮಾರಪ್ಪನವರ ಮೇಲೆ ಬಿದ್ದಿತು. ವಾರ್ಧಾದ ಮಗನವಾಡಿಯಲ್ಲಿ ಗಾಣ, ಜೇನು ಸಾಕಣೆ, ಕೈಕಾಗದ, ಕೈಕುಟ್ಟಿದ ಅಕ್ಕಿ ಮೊದಲಾದವುಗಳ ನಡುವೆ ಅವರು ಕಳೆದ ವರ್ಷಗಳ ಅನುಭವ ಈ ಗ್ರಂಥದ ಹಿನ್ನೆಲೆಯಲ್ಲಿದೆ. ಬರೆದದ್ದು ಮಾತ್ರ ಜಬಲ್‌ಪುರದ ಸೆರೆಮನೆಯಲ್ಲಿ. ಯೇಸುವಿನ ಆಚರಣೆ ಮತ್ತು ಉಪದೇಶಗಳನ್ನು ಕುರಿತ ಅವರ ಇನ್ನೊಂದು ಪುಸ್ತಕವೂ ಅದೇ ಸೆರೆವಾಸದ ಫಲ. ಗಾಂಧೀಜಿಯವರು ಮುನ್ನುಡಿ ಬರೆದು, ಲೇಖಕರನ್ನು ಗ್ರಾಮೋದ್ಯೋಗಗಳ ಡಾಕ್ಟರೆಂದು ಸಂಬೋಧಿಸಿ ಹರಸಿದರು. ಕೊಲಂಬಿಯದಲ್ಲಿ ಓದಿದವರಿಗೆ ಈ ಪದವಿಯೇ ಹೆಚ್ಚು ಪ್ರಿಯವಾಗಿತ್ತೆಂದು ಊಹಿಸಿದರೆ ತಪ್ಪಾಗಲಾರದು.

ಗ್ರಂಥದ ತಳಹದಿ ಒಂದು ಸರಳವಾದ ಭೇದ. ಜಗತ್ತಿನಲ್ಲಿ ಮನುಷ್ಯನ ಉಪಯೋಗಕ್ಕೆ ದೊರೆಯುವ ಸಂಪತ್ತು ಎರಡು ಬಗೆ. ಕಲ್ಲಿದ್ದಲು, ಪೆಟ್ರೋಲಿಯಂ, ಕಬ್ಬಿಣ, ತಾಮ್ರ, ಚಿನ್ನ, ಇವು ಭೂಗರ್ಭದಲ್ಲಿ ಇಂತಿಷ್ಟೆಂದು ಸಂಗ್ರಹವಾಗಿರುವಂಥವು, ತೆಗೆದಂತೆ ತೀರುತ್ತವೆ. ನದಿಯ ನೀರು, ಅಡವಿಯ ಮರ, ಇವು ಪ್ರವಾಹದಂತಿರುವಂಥವು. ಮಿತಿಯರಿತು ಬಳಸಿದರೆ ಮತ್ತೆ ಮತ್ತೆ ಒದಗುತ್ತವೆ. ಮೊದಲನೆಯದನ್ನು ಕುಮಾರಪ್ಪನವರು ಅಸ್ಥಿರವೆಂದೂ ಎರಡನೆಯದನ್ನು ಸ್ಥಿರವೆಂದೂ ಕರೆಯುತ್ತಾರೆ. ಮೇಲುನೋಟಕ್ಕೆ ಇದು ವಿಚಿತ್ರ. ಬಂಡೆಯಂತೆ ಗಟ್ಟಿಯಾದ ಕಬ್ಬಿಣ ಅಸ್ಥಿರ, ಕ್ಷಣಕ್ಷಣವೂ ಹರಿದುಹೋಗುವ ನೀರು ಸ್ಥಿರ! ನಮ್ಮ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇದು ಅಷ್ಟು ವಿಚಿತ್ರವೆನಿಸದು. ರಸಪ್ರಕರಣದಲ್ಲಿ ಸ್ಥಾಯಿಯೆಂದರೆ ಚಲಿಸದೆ ನಿಂತಿರುವುದಲ್ಲ. ಸಂಚಾರಿಗಳು ಬಂದು ಹೋಗುತ್ತಿದ್ದರೂ ಅವುಗಳಿಂದ ಅಳಿಯದೆ ಪುಷ್ಟಿಗೊಂಡು ಉಳಿಯುವುದು. ಕುಮಾರಪ್ಪನವರು ಭರತನನ್ನು ನೆನೆದು ಬರೆದರೆಂದು ನಾನು ಹೇಳುತ್ತಿಲ್ಲ. 'ಪರ್ಮನೆನ್ಸ್' ಎಂಬ ಪದಕ್ಕೆ 'ಶಾಶ್ವತ' ಎಂಬುದಕ್ಕಿಂತ 'ಸ್ಥಾಯಿ' ಎಂಬ ಮಾತು ಏಕೆ ಹೆಚ್ಚು ಸಮಂಜಸವೆಂಬುದಕ್ಕೆ ಮಾತ್ರ ಇದನ್ನು ಉಲ್ಲೇಖಿಸಿದೆ.

ಈ ಭೇದದಿಂದ ಅವರು ಹೊರಡಿಸುವ ನಿಗಮನವೇ ಗ್ರಂಥದ ಅತ್ಯಂತ ಬಲವಾದ ಭಾಗ. ತೀರಿಹೋಗುವ ಸಂಗ್ರಹದ ಮೇಲೆ ಬದುಕನ್ನು ಕಟ್ಟಿದ ಜನಾಂಗಕ್ಕೆ ಆ ಸಂಗ್ರಹದ ಮೇಲೆ ಹಿಡಿತ ಬೇಕು. ಹಿಡಿತಕ್ಕಾಗಿ ಸೈನ್ಯ ಬೇಕು, ಸಾಗರಮಾರ್ಗಗಳ ಕಾವಲು ಬೇಕು, ಅನ್ಯರ ನೆಲದ ಮೇಲೆ ಅಧಿಕಾರ ಬೇಕು. ಯುದ್ಧವು ರಾಜಕಾರಣಿಗಳ ದುರ್ಬುದ್ಧಿಯಿಂದ ಮಾತ್ರ ಹುಟ್ಟುವುದಿಲ್ಲ, ಜನರ ನಿತ್ಯದ ಬಳಕೆಯಲ್ಲಿಯೇ ಅದರ ಬೀಜವಿದೆ. ಎರಡನೆಯ ಮಹಾಯುದ್ಧದ ನಡುವೆ ಸೆರೆಯಲ್ಲಿದ್ದವರಿಗೆ ಈ ವಿಚಾರಕ್ಕೆ ಸಾಕ್ಷಿಯನ್ನು ದೂರ ಅರಸಬೇಕಾಗಿರಲಿಲ್ಲ. 1990ರಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗಲೂ ಮರುವರ್ಷ ಅಲ್ಲಿ ಯುದ್ಧ ನಡೆದಾಗಲೂ ತೈಲದ ಮಾತನ್ನು ಬಿಟ್ಟು ಯಾರೂ ಅದನ್ನು ವಿವರಿಸಲಾರದೆ ಹೋದರು. ಶಾಂತಿಯನ್ನು ಸಂಧಿಪತ್ರಗಳಲ್ಲಿ ಹುಡುಕದೆ ಅಡುಗೆಮನೆಯಲ್ಲಿಯೂ ಅಂಗಡಿಯಲ್ಲಿಯೂ ಹುಡುಕಬೇಕೆಂದು ಇಷ್ಟು ಸ್ಪಷ್ಟವಾಗಿ ಹೇಳಿದವರು ಆ ಕಾಲದ ಅರ್ಥಶಾಸ್ತ್ರಜ್ಞರಲ್ಲಿ ವಿರಳ.

ಇದೇ ವಿಚಾರವನ್ನು ಅವರ ಬರೆಹಗಳಲ್ಲಿ ಬರುವ ಕೋಕೋ ಡಬ್ಬಿಯ ಪ್ರಸಂಗ ಇನ್ನೂ ಹತ್ತಿರ ತರುತ್ತದೆ. ಆಫ್ರಿಕೆಯ ಪಶ್ಚಿಮ ತೀರದಲ್ಲಿ ಬಲಾತ್ಕಾರದ ದುಡಿಮೆಯಿಂದ ಬೆಳೆದ ಕೋಕೋ, ನೌಕಾಬಲದ ಹತೋಟಿಯಲ್ಲಿರುವ ಸಮುದ್ರದ ಮೇಲೆ ಸಾಗಿ, ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಅರೆಗೂಲಿಯ ಕೈಗಳಿಂದ ಹದಗೊಂಡು, ಪಕ್ಷಪಾತದ ಸುಂಕದ ನೆರವಿನಿಂದ ಭಾರತಕ್ಕೆ ಬಂದರೆ, ಅದನ್ನು ಕೊಳ್ಳುವವನು ಆ ಎಲ್ಲ ಅನ್ಯಾಯಗಳಿಗೂ ಪಾಲುಗಾರನಾಗುತ್ತಾನೆ. ಕದ್ದ ಮಾಲೆಂದು ತಿಳಿದು ಕೊಳ್ಳುವವನಿಗೆ ಕಾನೂನು ಶಿಕ್ಷೆ ವಿಧಿಸುತ್ತದಲ್ಲವೇ? ಬೆಲೆಯೆಂಬುದು ವಸ್ತುವಿನ ಚರಿತ್ರೆಯನ್ನು ಮುಚ್ಚುವ ಮುಸುಕು; ಉತ್ಪಾದಕನು ನೆರೆಯವನಾದರೆ ಆ ಮುಸುಕು ತಾನಾಗಿ ಸರಿಯುತ್ತದೆ. ಕುಮಾರಪ್ಪನವರು ಸ್ಥಳೀಯ ಉತ್ಪಾದನೆಯನ್ನು ಎತ್ತಿಹಿಡಿಯುವುದು ಊರಭಿಮಾನದಿಂದಲ್ಲ. ಕೊಳ್ಳುವವನಿಗೆ ತನ್ನ ಹೊಣೆಯನ್ನು ಅರಿಯುವ ಶಕ್ತಿ ಇರುವುದು ಅಷ್ಟು ದೂರದೊಳಗೆ ಮಾತ್ರ ಎಂಬ ಕಾರಣದಿಂದ. ಇಂದು ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೋ ದೇಶದ್ದು. ಅಲ್ಲಿಯ ಕೈಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆಂಬುದು ಜಗಜ್ಜಾಹೀರಾದ ವಿಷಯ. ನಮ್ಮ ಜೇಬಿನ ಮೊಬೈಲ್ ಫೋನಿನ ಬ್ಯಾಟರಿಯಲ್ಲಿ ಆ ಲೋಹವುಂಟು. ಕೋಕೋ ಡಬ್ಬಿಯ ವಾದಕ್ಕೆ ಮುಪ್ಪು ಬಂದಿಲ್ಲ.

ಇನ್ನು ಪಂಚವಿಧ ಅರ್ಥವ್ಯವಸ್ಥೆಗಳ ಪ್ರಸಿದ್ಧ ನಿರೂಪಣೆ. ಆಶ್ರಯ ಕೊಟ್ಟ ಮೂಲವನ್ನೇ ನಾಶಮಾಡಿ ಬದುಕುವುದು ಬಂದಳಿಕೆಯ ವ್ಯವಸ್ಥೆ. ಹುಲಿಯೂ, ಒಡವೆಯ ಆಸೆಗೆ ಮಗುವನ್ನು ಕೊಲ್ಲುವ ಕಳ್ಳನೂ ಅದಕ್ಕೆ ನಿದರ್ಶನ. ಮೂಲವನ್ನು ಕೊಲ್ಲದೆ, ಏನನ್ನೂ ಕೊಡದೆ ಕಬಳಿಸುವುದು ಸುಲಿಗೆಯ ವ್ಯವಸ್ಥೆ. ಮಾವಿನ ತೋಪಿಗೆ ನುಗ್ಗುವ ಮಂಗ, ಜೇಬುಗಳ್ಳ. ತಾನು ಬೆವರು ಹರಿಸಿ ತಾನುಣ್ಣುವುದು ಉದ್ಯಮದ ವ್ಯವಸ್ಥೆ. ಗೂಡು ಕಟ್ಟುವ ಹಕ್ಕಿ, ಉತ್ತು ಬಿತ್ತುವ ರೈತ. ತನಗಾಗಿಯಲ್ಲದೆ ಕುಲಕ್ಕಾಗಿ ದುಡಿಯುವುದು ಸಮೂಹದ ವ್ಯವಸ್ಥೆ. ಜೇನುನೊಣ, ಅವಿಭಕ್ತ ಕುಟುಂಬ, ಸಹಕಾರ ಸಂಘ. ಪ್ರತಿಫಲವನ್ನು ಎಣಿಸದೆ ದುಡಿಯುವುದು ಸೇವೆಯ ವ್ಯವಸ್ಥೆ, ತಾಯಿ. ಪ್ರಾಣಿಗಳು ತಮ್ಮ ಮೆಟ್ಟಿಲಲ್ಲಿ ಸಹಜಪ್ರವೃತ್ತಿಯಿಂದ ನಿಂತಿವೆ, ಮನುಷ್ಯನೊಬ್ಬನೇ ಇಚ್ಛಾಪೂರ್ವಕವಾಗಿ ಮೇಲೇರಬಲ್ಲನು, ಕೆಳಗೂ ಇಳಿಯಬಲ್ಲನು.

ದೃಷ್ಟಾಂತಗಳ ಸೊಗಸಿಗೆ ಮರುಳಾಗದೆ ಒಂದೊಂದನ್ನೂ ತಟ್ಟಿ ನೋಡಿದರೆ ಕೆಲವು ಟೊಳ್ಳು ದನಿ ಕೊಡುತ್ತವೆ. ಹುಲಿಯಿಲ್ಲದ ಕಾಡಿನಲ್ಲಿ ಮೇಯುವ ಮೃಗಗಳು ಮಿತಿಮೀರಿ ಎಳೆಯ ಗಿಡಗಳು ಉಳಿಯದೆ ಹೋಗುತ್ತವೆಂದು ಪರಿಸರ ವಿಜ್ಞಾನ ಈಗ ತಿಳಿಸುತ್ತದೆ. ಹುಲಿ ಕಾಡಿನ ಬಂದಳಿಕೆಯಲ್ಲ, ಕಾವಲುಗಾರ. ಹಣ್ಣು ತಿನ್ನುವ ಕಪಿಗಳು ಬೀಜವನ್ನು ದೂರಕ್ಕೊಯ್ದು ಕಾಡನ್ನು ಬೆಳೆಸುವುದೂ ಈಗ ಅರಿತ ಸಂಗತಿಯೇ. ಮಂಗವು ಸುಲಿಗೆಗಾರನಾಗಿ ಕಾಣುವುದು ತೋಪಿನ ಯಜಮಾನನ ಜಗಲಿಯಿಂದ ನೋಡಿದಾಗ. ಇದು ಬರಿಯ ಪ್ರಾಣಿಶಾಸ್ತ್ರದ ತಿದ್ದುಪಡಿಯಲ್ಲ. ಯಾರ ಜಗಲಿಯಿಂದ ನೋಡುತ್ತಿದ್ದೇವೆಂಬ ಪ್ರಶ್ನೆಯನ್ನು ಕುಮಾರಪ್ಪನವರು ಸಾಮ್ರಾಜ್ಯದ ವಿಷಯದಲ್ಲಿ ನಿಷ್ಠುರವಾಗಿ ಕೇಳುತ್ತಾರೆ, ಹಳ್ಳಿಯ ವಿಷಯದಲ್ಲಿ ಅದೇ ನಿಷ್ಠುರತೆಯಿಂದ ಕೇಳುವುದಿಲ್ಲ.

ಜೇನುಗೂಡಿನ ದೃಷ್ಟಾಂತವನ್ನೇ ನೋಡೋಣ. ಗೂಡಿನಲ್ಲಿ ಕೆಲಸದ ವಿಭಾಗವುಂಟು, ಅಸ್ಪೃಶ್ಯವಾದ ನೊಣವಿಲ್ಲ. ಅವಿಭಕ್ತ ಕುಟುಂಬದಲ್ಲಿ ಎಲ್ಲರೂ ಎಲ್ಲರಿಗಾಗಿ ದುಡಿಯುತ್ತಾರೆಂಬುದು ನಿಜವಿರಬಹುದು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದುಣ್ಣುವ ಸೊಸೆಯ ಕಡೆಯಿಂದ ನೋಡಿದರೆ ಅದು ಸಮೂಹದ ವ್ಯವಸ್ಥೆಯೋ ಸುಲಿಗೆಯದೋ? ತಾಯಿಯ ಸೇವೆಯನ್ನು ಅತ್ಯುನ್ನತ ಸೋಪಾನವೆಂದು ಹೊಗಳುವುದು ಸುಲಭ. ಆ ಹೊಗಳಿಕೆಯೇ ಹೆಂಗಸಿನ ಕೂಲಿಯಿಲ್ಲದ ದುಡಿಮೆಗೆ ರಸೀದಿಯಾಗಿ ಶತಮಾನಗಳಿಂದ ಬಳಕೆಯಾಗಿದೆ. ಡಾ. ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಭಾರತದ ಹಳ್ಳಿಯನ್ನು ಸಂಕುಚಿತ ಬುದ್ಧಿಯ, ಅಜ್ಞಾನದ, ಕೋಮುಭಾವದ ನೆಲೆಯೆಂದು ಖಂಡಿಸಿದ್ದು ಪ್ರಸಿದ್ಧ. ಆ ಖಂಡನೆಗೆ ಕುಮಾರಪ್ಪನವರ ಗ್ರಂಥದೊಳಗೆ ಸಾಕಷ್ಟು ಉತ್ತರವಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಕೊಳ್ಳುವವನ ಮತ್ತು ಮಾಡುವವನ ನಡುವಣ ದೂರ ಕಡಿಮೆಯಾದಷ್ಟೂ ಅನ್ಯಾಯ ಕಾಣುತ್ತದೆ ಎಂಬುದು ಅವರ ಸಿದ್ಧಾಂತ. ಆದರೆ ಚಮ್ಮಾರನ ಕೇರಿ ಊರಿನಿಂದ ಕೂಗಳತೆಯಲ್ಲಿಯೇ ಇತ್ತು. ಅನ್ಯಾಯ ಕಂಡಿರಲಿಲ್ಲವೆ? ಕಂಡಿತ್ತು, ಕಂಡೂ ಉಳಿದಿತ್ತು.

ಸಿದ್ಧಾಂತಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ಪರೀಕ್ಷೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅಪ್ರಕೃತವಾಗದು. 1984ರಲ್ಲಿ ಕರ್ನಾಟಕ ಸರ್ಕಾರವು ಖಾಸಗಿ ಕಾರ್ಖಾನೆಯೊಂದರ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿತು. ಕಾರ್ಖಾನೆಗೆ ಬೇಕಾದ ತಿರುಳು ಮರಕ್ಕಾಗಿ ಹಲವು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ವರ್ಗದ ಭೂಮಿಯಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸುವುದು ಉದ್ದೇಶ. ಕಾಗದದ ಮೇಲೆ ಅವು ಪಾಳು ಭೂಮಿಗಳು. ಹಳ್ಳಿಯವರಿಗಾದರೋ ದನ ಮೇಯಿಸುವ, ಸೌದೆ ಆಯುವ, ಹುಲ್ಲು ಕೊಯ್ಯುವ ನೆಲ. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ಎಚ್ಚತ್ತರು. ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿಯ ಸಸಿಗಳನ್ನು ಕಿತ್ತು ಅದೇ ನೆಲದಲ್ಲಿ ಜನರಿಗೂ ದನಗಳಿಗೂ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಕೊನೆಗೆ 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು. ಹೆಸರನ್ನು ಗಮನಿಸಿರಿ. ಕೀಳುವುದರ ಜೊತೆಯಲ್ಲಿಯೇ ಹಚ್ಚುವುದೂ ಇದೆ. ಧಾರವಾಡ ಸೀಮೆಯ ಆಡುಮಾತಿನ ಆ ಎರಡು ಪದಗಳಲ್ಲಿ ರಚನಾತ್ಮಕ ಕಾರ್ಯಕ್ರಮವೆಂಬ ಭಾರವಾದ ಶಬ್ದದ ಅರ್ಥವೆಲ್ಲ ಅಡಗಿದೆ.

ಈಗ ಕುಮಾರಪ್ಪನವರ ಭೇದವನ್ನು ಇಲ್ಲಿ ಹಚ್ಚಿ ನೋಡಿ. ನೀಲಗಿರಿಯ ನೆಡುತೋಪು ಕಲ್ಲಿದ್ದಲಿನಂತೆ ತೀರುವ ಸಂಗ್ರಹವಲ್ಲ. ಕಡಿದರೆ ಬುಡದಿಂದ ಚಿಗುರುವ ಮರ, ಅವರ ಮಾತಿನಂತೆ ಪ್ರವಾಹರೂಪದ ಸಂಪತ್ತು. ಕಾರ್ಖಾನೆಯವರು ತಮ್ಮದೂ ಸ್ಥಾಯಿ ಅರ್ಥವ್ಯವಸ್ಥೆಯೇ ಎಂದು ವಾದಿಸಿದ್ದರೆ, ಈ ಗ್ರಂಥದ ಮೊದಲ ಅಧ್ಯಾಯಗಳಲ್ಲಿ ಅದಕ್ಕೆ ನೇರವಾದ ಆಕ್ಷೇಪಣೆ ದೊರೆಯುತ್ತಿರಲಿಲ್ಲ. ವಸ್ತುವು ಬೆಳೆಯುವಂಥದು, ಆದರೆ ಅದನ್ನು ಬೆಳೆಸುವ ಏರ್ಪಾಟು ಹಳ್ಳಿಯ ಪಾಲಿಗೆ ಬಂದಳಿಕೆ. ಆದ್ದರಿಂದ ವಸ್ತುವಿನ ಗುಣವೊಂದರಿಂದಲೇ ಸ್ಥಾಯಿತ್ವ ನಿರ್ಣಯವಾಗದು. ನೆಲ ಯಾರದು, ನಿರ್ಧರಿಸಿದವರು ಯಾರು, ಕಳೆದುಕೊಂಡವರು ಯಾರು ಎಂಬ ನ್ಯಾಯದ ಪ್ರಶ್ನೆಗಳು ಮೊದಲಿನಿಂದಲೇ ವ್ಯಾಖ್ಯೆಯೊಳಗೆ ಬರಬೇಕು. ಕುಸನೂರಿನ ರೈತರು ಆ ಪ್ರಶ್ನೆಗಳನ್ನು ಗುದ್ದಲಿ ಹಿಡಿದು ಕೇಳಿದರು.

ಗ್ರಂಥಕರ್ತರಿಗೆ ಅನ್ಯಾಯವಾಗಬಾರದು. ಗ್ರಂಥದಲ್ಲಿ ಅಸ್ಪಷ್ಟವಾಗಿ ಉಳಿದ ಈ ಅಂಶವನ್ನು ಅವರೇ ಮುಂದೆ ಕೈಗೆತ್ತಿಕೊಂಡರು. ಕಾಂಗ್ರೆಸ್ಸು ನೇಮಿಸಿದ ಭೂಸುಧಾರಣಾ ಸಮಿತಿಗೆ ಕುಮಾರಪ್ಪನವರೇ ಅಧ್ಯಕ್ಷರು. 1949ರಲ್ಲಿ ಸಲ್ಲಿಸಿದ ಆ ಸಮಿತಿಯ ವರದಿಯು ಮಧ್ಯವರ್ತಿಗಳನ್ನು ತೆಗೆದುಹಾಕಬೇಕು, ಭೂಮಿ ಉಳುವವನದಾಗಬೇಕು, ಹಿಡುವಳಿಗೆ ಮಿತಿ ಇರಬೇಕು ಎಂದು ಶಿಫಾರಸು ಮಾಡಿತು. ಜಬಲ್‌ಪುರದ ಸೆರೆಯಲ್ಲಿ ದೃಷ್ಟಾಂತಗಳಿಂದ ಬರೆದವರು ನಾಲ್ಕು ವರ್ಷಗಳ ತರುವಾಯ ಹಿಡುವಳಿಯ ಅಳತೆಯಲ್ಲಿ ಬರೆದರು. ಈ ಎರಡನ್ನು ಒಟ್ಟಿಗೆ ಓದದವರು ಕುಮಾರಪ್ಪನವರನ್ನು ಪೂರ್ತಿ ಓದಿದಂತಾಗದು. ಒಂದನ್ನು ಋಷಿವಾಣಿಯೆಂದು ಪೂಜಿಸಿ ಇನ್ನೊಂದನ್ನು ಕಪಾಟಿನಲ್ಲಿಟ್ಟದ್ದು ನಮ್ಮವರ ಜಾಣತನ.

ಈ ಪತ್ರಿಕೆಯ ವಾಚಕರಿಗೆ ಇಷ್ಟರಲ್ಲಾಗಲೇ ಒಂದು ಮಾತು ನಾಲಗೆಯ ತುದಿಗೆ ಬಂದಿರಬೇಕು. ಇದೆಲ್ಲ ಕಾಯಕ-ದಾಸೋಹಗಳಲ್ಲಿ ಆಗಲೇ ಅಡಗಿದೆಯಲ್ಲ! ಸಾಮ್ಯವಿರುವುದು ನಿಜ. ಆದರೆ ಸಾಮ್ಯವನ್ನು ಹೇಳಿ ಸುಮ್ಮನಾಗುವುದು ವಿಮರ್ಶೆಯಲ್ಲ, ಸಮಾಧಾನ. ಹೋಲಿಸುವುದಾದರೆ ಕುಮಾರಪ್ಪನವರಲ್ಲಿ ಕೊರತೆಯಾಗಿರುವುದು ಶರಣರಲ್ಲಿ ಏನಿದೆಯೆಂದು ನೋಡಬೇಕು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಮಿತಿಯನ್ನು ನಿರ್ಣಯಿಸುವವಳು ಹೆಂಡತಿ, ಬಡವಳು, ಅಡುಗೆ ಮಾಡುವವಳು. ಕುಮಾರಪ್ಪನವರ ತಾಯಿ ಮೌನವಾಗಿ ಸೇವೆ ಮಾಡುತ್ತಾಳೆ, ಲಕ್ಕಮ್ಮ ಬಾಯ್ಬಿಟ್ಟು ತೀರ್ಪು ಕೊಡುತ್ತಾಳೆ. ಸೇವೆಯ ವ್ಯವಸ್ಥೆಗೂ ನ್ಯಾಯದ ವ್ಯವಸ್ಥೆಗೂ ಇರುವ ಅಂತರ ಇಷ್ಟೇ, ಇದು ಸಣ್ಣ ಅಂತರವಲ್ಲ. ಹೀಗೆ ಹೇಳಿದಾಗ ನಮ್ಮ ಹೊಣೆಯೂ ಹೆಚ್ಚುತ್ತದೆ. ದಾಸೋಹದ ಪಂಕ್ತಿಗೆ ಬರುವ ಅಕ್ಕಿ ಯಾವ ಗದ್ದೆಯದು, ಅಲ್ಲಿ ನಾಟಿ ಮಾಡಿದವಳ ಕೂಲಿ ಎಷ್ಟು ಎಂದು ಕೇಳುವ ಲಕ್ಕಮ್ಮಂದಿರಿಗೆ ನಮ್ಮ ಸಂಸ್ಥೆಗಳಲ್ಲಿ ಆಸನವಿದೆಯೇ? ಕೋಕೋ ಡಬ್ಬಿಯ ವಾದ ಮಠದ ಉಗ್ರಾಣದ ಬಾಗಿಲಲ್ಲಿ ನಿಂತುಬಿಡಬೇಕಾದ ಕಾರಣವಿಲ್ಲ.

ಗ್ರಂಥದ ಇನ್ನೊಂದು ಮಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಹಳ್ಳಿಯಿಂದ ಜಗತ್ತಿಗೆ ಏರುವ ಮೆಟ್ಟಿಲುಗಳಲ್ಲಿ ನಡುವಿನವು ಅದರಲ್ಲಿ ತೆಳುವು. ಹಳ್ಳಿಗಳು ಸ್ವಯಂಪೂರ್ಣವಾದರೆ ಲೋಕದಲ್ಲಿ ಶಾಂತಿ ತಾನೇ ನೆಲಸುವುದೆಂಬ ನಂಬಿಕೆ ಎಲ್ಲೆಡೆ ಹರಡಿದೆ. ಒಂದೇ ನದಿಯ ಮೇಲಣ ಹಳ್ಳಿಗೂ ಕೆಳಗಣ ಹಳ್ಳಿಗೂ ವ್ಯಾಜ್ಯ ಬಂದರೆ? ಪ್ರವಾಹರೂಪದ ಸಂಪತ್ತಿಗಾಗಿಯೂ ಜಗಳವಾಗುತ್ತದೆಂಬುದನ್ನು ಕಾವೇರಿಯ ದಡದವರಿಗೆ ಯಾರೂ ಕಲಿಸಬೇಕಾಗಿಲ್ಲ. 2015ರಲ್ಲಿ ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳು ಅಂಗೀಕರಿಸಿದ 17 ಗುರಿಗಳ ಪಟ್ಟಿಯ ಕೊರತೆ ಇದಕ್ಕೆ ತದ್ವಿರುದ್ಧ. ಹದಿನಾರನೆಯದು ಶಾಂತಿ ಮತ್ತು ನ್ಯಾಯವನ್ನು ಕುರಿತದ್ದು. ಮೇಲಿನ ಮೆಟ್ಟಿಲುಗಳೆಲ್ಲ ಅಲ್ಲಿ ಭದ್ರವಾಗಿವೆ, ಕೊಳ್ಳುವವನ ಕೈಯಲ್ಲಿರುವ ಡಬ್ಬಿ ಮಾತ್ರ ಕಣ್ಣಿಗೆ ಬೀಳುವುದು ಕಷ್ಟ. ನಡುವೆ ಷೂಮಾಕರ್ ಎಂಬ ವಿದ್ವಾಂಸನು ಬೌದ್ಧ ಅರ್ಥಶಾಸ್ತ್ರವನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಕುಮಾರಪ್ಪನವರನ್ನು ಉಲ್ಲೇಖಿಸಿದನು. 1973ರಲ್ಲಿ ಅವನ 'ಸ್ಮಾಲ್ ಈಸ್ ಬ್ಯೂಟಿಫುಲ್' ಹೊರಬಂದ ಮೇಲೆ ನಮ್ಮ ನಗರದ ಓದುಗರಲ್ಲಿ ಅನೇಕರು ಮಗನವಾಡಿಯನ್ನು ಲಂಡನ್ನಿನ ದಾರಿಯಿಂದ ಬಂದು ಕಂಡರು. ಇದು ವಿನೋದವೋ ವಿಷಾದವೋ ತಿಳಿಯದು. ವೇಣು ಮಾಧವ ಗೋವಿಂದು ಮತ್ತು ದೀಪಕ್ ಮಳಘಾಣ ಅವರು 2016ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಜೀವನಚರಿತ್ರೆಯಿಂದ ಆ ಸುತ್ತುದಾರಿ ತಪ್ಪಿದೆ. ಕುಮಾರಪ್ಪನವರನ್ನು ಗಾಂಧೀಜಿಯ ನೆರಳಾಗಿ ನೋಡದೆ ಸ್ವತಂತ್ರ ಚಿಂತಕರಾಗಿ ನೋಡಬಯಸುವವರು ಅದನ್ನು ಅವಶ್ಯವಾಗಿ ಓದಬೇಕು.

ಕೊನೆಯ ವರ್ಷಗಳನ್ನು ಅವರು ಮಧುರೆಯ ಬಳಿಯ ಟಿ. ಕಲ್ಲುಪಟ್ಟಿಯ ಆಶ್ರಮದಲ್ಲಿ ಕಳೆದರು. 1960ರ ಜನವರಿ 30ರಂದು, ಗಾಂಧೀಜಿಯವರ ಪುಣ್ಯತಿಥಿಯಂದೇ, ತೀರಿಕೊಂಡರು. ಈ ಗ್ರಂಥವನ್ನು ಅಭ್ಯಸಿಸಬಯಸುವ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಇದನ್ನು ಮಾತರ್ ತಾಲ್ಲೂಕಿನ ಸಮೀಕ್ಷೆಯೊಡನೆ ಇಟ್ಟು ಓದಿರಿ. ಅಲ್ಲಿ ದೃಷ್ಟಾಂತಗಳಿಲ್ಲ, ಮನೆಮನೆಯ ಸಾಲ, ದನ, ಭೂಮಿ, ಕಂದಾಯಗಳ ಲೆಕ್ಕವಿದೆ. ಆ ಕೆಲಸಕ್ಕೆ ಹೋದವರು ಪಂಡಿತರಲ್ಲ, ಕಾಲೇಜಿನ ಹುಡುಗರು. ಮಠಗಳ ಆಶ್ರಯದಲ್ಲಿ ನಡೆಯುವ ಕಾಲೇಜುಗಳು ನಮ್ಮಲ್ಲಿ ನೂರಾರು ಇವೆ. ಒಂದೊಂದು ಕಾಲೇಜು ತನ್ನ ಸುತ್ತಣ ಒಂದು ಹೋಬಳಿಯನ್ನು ಆರಿಸಿಕೊಂಡು, ಅಲ್ಲಿಯ ಗೋಮಾಳ ಎಷ್ಟಿತ್ತು, ಈಗ ಎಷ್ಟಿದೆ, ಯಾರ ಅನುಭವದಲ್ಲಿದೆ, ಕೆರೆಗಳಲ್ಲಿ ಹೂಳು ತುಂಬಿದ್ದೆಷ್ಟು, ಒತ್ತುವರಿಯಾದದ್ದೆಷ್ಟು, ಕೇರಿಯವರಿಗೆ ಆ ನೀರಿನಲ್ಲಿ ಪಾಲಿದೆಯೇ ಇಲ್ಲವೇ ಎಂಬುದನ್ನು ಒಂದು ಬೇಸಗೆಯ ರಜೆಯಲ್ಲಿ ಬರೆದಿಡಬಹುದು. ಬೇಕಾದದ್ದು ಗ್ರಾಮ ನಕಾಶೆ, ಪಹಣಿಯ ನಕಲು, ಒಂದು ನೋಟ್‌ಪುಸ್ತಕ.